ನೋವಿಗೆ ಸಾಕ್ಷಿ ಕೇಳುವ ಗ್ಯಾಲರಿ

2019ರ ಆಗಸ್ಟ್ 24, ಶನಿವಾರ ರಾತ್ರಿ. ಅಮೆರಿಕದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್. ಅಲ್ಲಿನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ಊರಿನ ತಂಡವಾದ ಕೋಲ್ಟ್ಸ್‌ಗೂ ಶಿಕಾಗೊ ಬೇರ್ಸ್ ತಂಡಕ್ಕೂ ಪಂದ್ಯ ನಡೆದಿತ್ತು. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲದ ಪಂದ್ಯ. ಋತು ಶುರುವಾಗುವ ಮುನ್ನ ಅಭ್ಯಾಸಕ್ಕೆಂದು ಆಡುವಂಥದು. ಆಟ ಇನ್ನೂ ಮುಗಿದಿರಲಿಲ್ಲ. ಗ್ಯಾಲರಿಯಲ್ಲಿ ಕುಳಿತಿದ್ದವರ ಕೈಯಲ್ಲಿದ್ದ ಫೋನುಗಳಿಗೆ ಒಂದು ಸುದ್ದಿ ಬಂತು. ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ ಆಟಕ್ಕೆ ವಿದಾಯ ಹೇಳಲಿದ್ದಾರೆ. ವಯಸ್ಸು ಇನ್ನೂ ಮೂವತ್ತು ತುಂಬಿಲ್ಲ.

ಲಕ್ ಆಗ ಅದೇ ಮೈದಾನದ ಅಂಚಿನಲ್ಲಿ, ಆಟದ ಉಡುಪಿಲ್ಲದೆ, ಸಾಮಾನ್ಯ ಬಟ್ಟೆಯಲ್ಲಿ ನಿಂತಿದ್ದರು. ವಿಷಯವನ್ನು ಮರುದಿನ ತಾವೇ ಹೇಳಬೇಕೆಂದಿದ್ದರು. ಸುದ್ದಿ ಮೊದಲೇ ಸೋರಿಹೋಗಿತ್ತು. ಪಂದ್ಯ ಮುಗಿದು ಅವರು ಒಳಗೆ ನಡೆದು ಹೋಗುವಾಗ ಗ್ಯಾಲರಿಯಿಂದ "ಬೂ" ಎಂಬ ಕೂಗೆದ್ದಿತು. ಏಳು ವರ್ಷ ಅವರ ಹೆಸರಿನ ಅಂಗಿ ತೊಟ್ಟವರೇ ಹಾಗೆ ಕೂಗಿದರು. ಎಲ್ಲರೂ ಕೂಗಲಿಲ್ಲ, ನಿಜ. ಆದರೆ ಕೂಗಿದವರ ದನಿಯೇ ದೊಡ್ಡದಾಗಿ ಕೇಳಿಸಿತು. ಸ್ವಲ್ಪ ಹೊತ್ತಿನ ನಂತರ ಪತ್ರಕರ್ತರ ಮುಂದೆ ಕುಳಿತ ಲಕ್, ಆ ಕೂಗು ತಮಗೆ ಕೇಳಿಸಿತೆಂದೂ ಅದರಿಂದ ನೋವಾಯಿತೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಗಾಯಗೊಂಡ ಆಟಗಾರನನ್ನು ಅವನ ಅಭಿಮಾನಿಗಳೇ ಹೀಗೆ ಬೀಳ್ಕೊಡುವುದು ಹೇಗೆ ಸಾಧ್ಯ? "ಗೆದ್ದೆತ್ತಿನ ಬಾಲ ಹಿಡಿಯುವ ಜನ" ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ವಿಷಯ ಅಷ್ಟು ಸುಲಭದ್ದಲ್ಲ. ಈ ಜನ ಸೋತಾಗಲೂ ಬಾಲ ಬಿಟ್ಟವರಲ್ಲ.

ಮೊದಲು ಆಟದ ಬಗ್ಗೆ ಎರಡು ಮಾತು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದ್ದು ಆಡುವ ಆಟ. ಅದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಎರಡೂ ತುದಿಗೆ ಚೂಪಾಗಿರುತ್ತದೆ, ಹೆಚ್ಚಿನ ಕೆಲಸವೆಲ್ಲ ಕೈಯಲ್ಲೇ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಎಂದು ಎರಡು ಮೂರು ಸೆಕೆಂಡುಗಳಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರು ನೂರಿಪ್ಪತ್ತು ಕಿಲೊ ತೂಗುವ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಅವರನ್ನು ತಡೆಯಲು ಐದು ಜನರ ಒಂದು ಗೋಡೆ ಇರುತ್ತದೆ. ಗೋಡೆ ಒಡೆದು, ಚೆಂಡು ಎಸೆಯುವ ಮುನ್ನವೇ ಅವನು ಬಿದ್ದರೆ ಅದು "ಸ್ಯಾಕ್".

ಇನ್ನೊಂದು ಸಂಗತಿ ನೆನಪಿಡಿ. ಲಕ್ ಆಡುತ್ತಿದ್ದ ಕಾಲದಲ್ಲಿ ಒಂದು ಋತುವಿಗೆ ಒಂದು ತಂಡ ಆಡುತ್ತಿದ್ದುದು ಹದಿನಾರೇ ಪಂದ್ಯ. 2021ರಿಂದ ಹದಿನೇಳಾಗಿದೆ. ವಾರಕ್ಕೊಂದು ಪಂದ್ಯ. ಹೀಗಾಗಿ ಕ್ವಾರ್ಟರ್‌ಬ್ಯಾಕ್‌ನ ಹೆಗಲು ಒಂದು ತಿಂಗಳು ಕೈಕೊಟ್ಟಿತೆಂದರೆ ಊರಿನ ವರ್ಷದ ಹಬ್ಬದಲ್ಲಿ ಕಾಲು ಭಾಗ ಹೋಯಿತು. ಸಂಬಳ, ಜಾಹೀರಾತು, ಮುಂಗಡ ಕೊಂಡ ಟಿಕೆಟು, ಭಾನುವಾರದ ಊಟದ ಮೇಜಿನ ಸಂತೋಷ, ಎಲ್ಲವೂ ಒಬ್ಬನ ಮೂಳೆ, ಸ್ನಾಯುಗಳ ಮೇಲೆ ನಿಂತಿರುವ ಆಟ ಇದು.

ಇಂಡಿಯಾನಾಪೊಲಿಸ್‌ನ ಜನಕ್ಕೆ ಈ ಪಾಠ ಹೊಸದಾಗಿರಲಿಲ್ಲ. ಆ ಊರಿಗೆ ತಂಡ ಬಂದದ್ದೇ ಇನ್ನೊಂದು ಊರಿನ ನಂಬಿಕೆಯನ್ನು ಮುರಿದು. 1984ರ ಮಾರ್ಚ್‌ನ ಒಂದು ರಾತ್ರಿ ಕೋಲ್ಟ್ಸ್ ತಂಡದ ಸಾಮಾನು ಸರಂಜಾಮನ್ನೆಲ್ಲ ಲಾರಿಗಳಲ್ಲಿ ತುಂಬಿ ಬಾಲ್ಟಿಮೋರ್‌ನಿಂದ ಇಲ್ಲಿಗೆ ಸಾಗಿಸಲಾಯಿತು. ಬೆಳಗಾದಾಗ ಬಾಲ್ಟಿಮೋರ್‌ಗೆ ತಂಡವೇ ಇರಲಿಲ್ಲ. ಹೊಸ ಊರಿನಲ್ಲಿ ತಂಡ ಬಹುಕಾಲ ಸಾಧಾರಣವಾಗಿಯೇ ಇತ್ತು. 1998ರಲ್ಲಿ ಪೇಟನ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಬಂದ ಮೇಲೆ ಎಲ್ಲವೂ ಬದಲಾಯಿತು. 2007ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಾಯಿತು. 2008ರಲ್ಲಿ ಹೊಸ ಕ್ರೀಡಾಂಗಣ ಬಂತು.

ಆಮೇಲೆ ಮ್ಯಾನಿಂಗ್‌ರ ಕುತ್ತಿಗೆಗೆ ಶಸ್ತ್ರಚಿಕಿತ್ಸೆಗಳಾದವು. 2011ರ ಇಡೀ ಋತು ಅವರು ಆಡಲಿಲ್ಲ. ಅವರಿಲ್ಲದ ತಂಡ ಹದಿನಾರರಲ್ಲಿ ಎರಡೇ ಪಂದ್ಯ ಗೆದ್ದಿತು. ತೀರಾ ಕೆಳಗೆ ಬಿದ್ದ ತಂಡಕ್ಕೆ ಮರುವರ್ಷ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆಯ ಹಕ್ಕು ಸಿಗುತ್ತದೆ. ಆ ವರ್ಷ ಮೊದಲ ಆಯ್ಕೆ ಎಂದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರ್ಯೂ ಲಕ್ ಎಂದು ದೇಶಕ್ಕೆಲ್ಲ ಗೊತ್ತಿತ್ತು. 2012ರ ಮಾರ್ಚ್‌ನಲ್ಲಿ ಕೋಲ್ಟ್ಸ್ ಮ್ಯಾನಿಂಗ್‌ರನ್ನು ಬಿಟ್ಟುಕೊಟ್ಟಿತು. ಏಪ್ರಿಲ್‌ನಲ್ಲಿ ಲಕ್‌ರನ್ನು ತಂದಿತು. ಜನ ಕಣ್ಣೀರಿಟ್ಟರು, ಆದರೆ ಒಪ್ಪಿಕೊಂಡರು. ಅವರು ನಂಬಿಕೆ ಕಳೆದುಕೊಂಡದ್ದು ಮ್ಯಾನಿಂಗ್‌ರ ಮೇಲಲ್ಲ, ಅವರ ಕುತ್ತಿಗೆಯ ಮೇಲೆ. ಅದೇ ಮ್ಯಾನಿಂಗ್ ಡೆನ್ವರ್ ತಂಡಕ್ಕೆ ಹೋಗಿ 2016ರ ಫೆಬ್ರುವರಿಯಲ್ಲಿ ಇನ್ನೊಂದು ಸೂಪರ್ ಬೌಲ್ ಗೆದ್ದರು. ಗಾಯಗೊಂಡವನು ಎದ್ದು ಬಂದೇ ಬರುತ್ತಾನೆ ಎಂಬ ಮಾತು ಆ ಊರಿನ ಮನಸ್ಸಿನಲ್ಲಿ ಬೇರೂರಲು ಇಷ್ಟು ಸಾಕಾಗಿತ್ತು.

ಲಕ್ ಬಂದ ಮೂರು ವರ್ಷ ಊರಿಗೆ ಹಬ್ಬವೋ ಹಬ್ಬ. 2012, 2013, 2014, ಮೂರೂ ಋತುವಿನಲ್ಲಿ ಹದಿನಾರಕ್ಕೆ ಹನ್ನೊಂದು ಗೆಲುವು. 2014ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿ ತಂಡದೆದುರು 10-38ರಿಂದ ಹಿಂದೆ ಬಿದ್ದಿದ್ದ ಪಂದ್ಯವನ್ನು 45-44ರಿಂದ ಗೆದ್ದದ್ದನ್ನು ಅಲ್ಲಿಯ ಜನ ಮರೆತಿಲ್ಲ. ವಾಸ್ತುವಿನ್ಯಾಸ ಓದಿದ, ಪುಸ್ತಕ ಹಿಡಿದು ಕೂರುವ, ತನ್ನನ್ನು ನೆಲಕ್ಕೆ ಅಪ್ಪಳಿಸಿದ ಎದುರಾಳಿಗೇ "ಚೆನ್ನಾಗಿ ಹೊಡೆದೆ" ಎಂದು ಅಭಿನಂದಿಸುವ ವಿಚಿತ್ರ ಹುಡುಗ. ಜನಕ್ಕೆ ಇದು ಬಲು ಇಷ್ಟವಾಗಿತ್ತು. ಆ ಅಪ್ಪಳಿಕೆಗಳು ಎಷ್ಟು ಎಂದು ಯಾರೂ ಕೂತು ಎಣಿಸಲಿಲ್ಲ. ಮೊದಲ ವರ್ಷವೇ 41 ಸ್ಯಾಕ್. ಎಸೆದ ಮರುಕ್ಷಣ ಬಿದ್ದ ಹೊಡೆತಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಟೆನೆಸ್ಸಿ ತಂಡದ ವಿರುದ್ಧ ಎಸೆಯುವ ತೋಳಿನ ಹೆಗಲಿಗೆ ಪೆಟ್ಟಾಯಿತು. ಎರಡು ಪಂದ್ಯ ಬಿಟ್ಟು ಮತ್ತೆ ಇಳಿದರು. ನವೆಂಬರ್‌ನಲ್ಲಿ ಡೆನ್ವರ್ ವಿರುದ್ಧ ಮೂತ್ರಪಿಂಡ ಸೀಳಿತು, ಹೊಟ್ಟೆಯ ಸ್ನಾಯು ಹರಿಯಿತು. ಆ ವರ್ಷ ಅಲ್ಲಿಗೆ ಮುಗಿಯಿತು. 2016ರ ಜೂನ್‌ನಲ್ಲಿ ತಂಡ ಅವರೊಂದಿಗೆ ಆರು ವರ್ಷಕ್ಕೆ 14 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಆ ಹೊತ್ತಿಗೆ ಲೀಗ್‌ನಲ್ಲೇ ಅತಿ ದೊಡ್ಡದು. ಆ ವರ್ಷ ಅವರು ಹದಿನೈದು ಪಂದ್ಯ ಆಡಿದರು, ಮತ್ತೆ 41 ಬಾರಿ ಸ್ಯಾಕ್ ಆದರು. ಭಾನುವಾರ ಅವರು ಚೆಂಡೆಸೆಯುವುದನ್ನು ಜನ ನೋಡಿದರು. ಬುಧವಾರ, ಗುರುವಾರ ತೋಳೆತ್ತಲಾರದೆ ಅಭ್ಯಾಸ ಬಿಟ್ಟು ನಿಂತದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 2017ರ ಜನವರಿಯಲ್ಲಿ ಹೆಗಲಿಗೆ ಶಸ್ತ್ರಚಿಕಿತ್ಸೆಯಾಯಿತು.

ಗೊಂದಲ ಶುರುವಾದದ್ದು ಅಲ್ಲಿಂದ. ಋತುವಿನ ಆರಂಭಕ್ಕೆ ಬರುತ್ತಾರೆ ಎಂದು ಜನ ನಂಬಿದ್ದರು. ಬರಲಿಲ್ಲ. ಅಕ್ಟೋಬರ್‌ನಲ್ಲಿ ಅಭ್ಯಾಸಕ್ಕೆ ಇಳಿದರು. ನೋವು ಮರುಕಳಿಸಿತು, ನಿಲ್ಲಿಸಿದರು. ನವೆಂಬರ್‌ನಲ್ಲಿ, ಈ ವರ್ಷ ಆಡುವುದಿಲ್ಲ ಎಂದು ಪ್ರಕಟವಾಯಿತು. ಆಮೇಲೆ ಚಿಕಿತ್ಸೆಗೆಂದು ನೆದರ್‌ಲ್ಯಾಂಡ್ಸ್‌ಗೆ ಹೋದರೆಂಬ ಸುದ್ದಿ. ಬದಲಿಗೆ ಬಂದ ಜಕೋಬಿ ಬ್ರಿಸೆಟ್ ಕೈಲಾದಷ್ಟು ಆಡಿದರು; ತಂಡ ಗೆದ್ದದ್ದು ನಾಲ್ಕೇ ಪಂದ್ಯ. ಅದೇ ಅಕ್ಟೋಬರ್‌ನಲ್ಲಿ ಕ್ರೀಡಾಂಗಣದ ಹೊರಗೆ ಮ್ಯಾನಿಂಗ್‌ರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಕುತ್ತಿಗೆಯ ಶಸ್ತ್ರಚಿಕಿತ್ಸೆಯ ನಂತರವೂ ಎದ್ದು ನಿಂತವನ ಪ್ರತಿಮೆ ಹೊರಗೆ; ಹೆಗಲಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳೇ ಕಳೆದರೂ ಎಸೆಯಲಾರದವನ ಖಾಲಿ ಜಾಗ ಒಳಗೆ. ಟಿಕೆಟ್ ಕೊಂಡು ಪ್ರತಿಮೆಯ ಪಕ್ಕದಲ್ಲೇ ಹಾದುಹೋಗುವ ಮನುಷ್ಯನಿಗೆ ಹೋಲಿಕೆ ಹೊಳೆಯದಿರುತ್ತದೆಯೇ?

ಗ್ಯಾಲರಿಯಲ್ಲಿ ಕುಳಿತವನಿಗೆ ಗಾಯದ ಬಗ್ಗೆ ತಿಳಿಯುವುದಾದರೂ ಏನು? ಲೀಗ್‌ನ ನಿಯಮದಂತೆ ಪ್ರತಿ ವಾರ ತಂಡಗಳು ಗಾಯಾಳುಗಳ ಪಟ್ಟಿ ಪ್ರಕಟಿಸಬೇಕು. ಈ ಪದ್ಧತಿ ಹುಟ್ಟಿದ್ದು ಅಭಿಮಾನಿಗಳ ಮೇಲಿನ ಕರುಣೆಯಿಂದಲ್ಲ. ಒಳಗಿನ ಸುದ್ದಿ ಬಾಜಿ ಕಟ್ಟುವವರ ಗುಟ್ಟಿನ ಸರಕಾಗಬಾರದೆಂದು. ಪಟ್ಟಿಯಲ್ಲಿ ಇರುವುದು ಹೆಸರು, ದೇಹದ ಒಂದು ಭಾಗ, ಮುಂದೆ ಒಂದು ಪದ: "ಔಟ್", "ಡೌಟ್‌ಫುಲ್" ಇಲ್ಲವೇ "ಕ್ವೆಶ್ಚನಬಲ್". ಹಿಂದೆ "ಪ್ರಾಬಬಲ್" ಎಂಬ ನಾಲ್ಕನೆಯ ಪದವೂ ಇತ್ತು, 2016ರಲ್ಲಿ ಅದನ್ನು ಕೈಬಿಟ್ಟರು. ಹೆಗಲು, ಕ್ವೆಶ್ಚನಬಲ್. ಇಷ್ಟೇ. ನೋವು ಎಷ್ಟಿದೆ, ರಾತ್ರಿ ನಿದ್ದೆ ಬರುತ್ತದೆಯೇ, ಮಗುವನ್ನು ಎತ್ತಿಕೊಳ್ಳಲಾಗುತ್ತದೆಯೇ, ಇದಾವುದನ್ನೂ ಆ ಪದ ಹೇಳುವುದಿಲ್ಲ. ಉಳಿದದ್ದನ್ನು ಅಭಿಮಾನಿ ತಾನೇ ತುಂಬಿಕೊಳ್ಳುತ್ತಾನೆ. ತಂಡ ಗೆಲ್ಲುತ್ತಿದ್ದರೆ ಅನುಕಂಪದಿಂದ ತುಂಬುತ್ತಾನೆ, ಸೋಲುತ್ತಿದ್ದರೆ ಅನುಮಾನದಿಂದ.

ಹಾಗಾಗಿ ಗ್ಯಾಲರಿ ಕಣ್ಣಿಗೆ ಕಾಣುವ ಸಾಕ್ಷಿ ಕೇಳುತ್ತದೆ. ರಕ್ತ ಸಾಕ್ಷಿ. ಸ್ಟ್ರೆಚರ್ ಸಾಕ್ಷಿ. ಕುಂಟುತ್ತಾ ಆಡಿದ್ದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. 2002ರ ನವೆಂಬರ್‌ನಲ್ಲಿ ಫಿಲಡೆಲ್ಫಿಯದ ಡೊನೊವನ್ ಮೆಕ್‌ನ್ಯಾಬ್ ಮುರಿದ ಕಾಲಿನ ಗಂಟಿನಲ್ಲೇ ಪೂರ್ತಿ ಪಂದ್ಯ ಆಡಿ ನಾಲ್ಕು ಟಚ್‌ಡೌನ್ ಪಾಸ್ ಎಸೆದರು. ಇದೇ ಊರಿನ ಅಭಿಮಾನಿಗಳು 1999ರಲ್ಲಿ ಅವರ ಆಯ್ಕೆಯಾದ ದಿನ "ಬೂ" ಎಂದಿದ್ದರು. ಮುರಿದ ಮೂಳೆಯ ಆ ಮಧ್ಯಾಹ್ನದ ಕಥೆಯನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಸಾಕ್ಷಿ ಕೊಡಲಾಗದವನ ಗತಿ ಏನಾಗುತ್ತದೆ ಎಂಬುದಕ್ಕೆ ಶಿಕಾಗೊದ ಜೇ ಕಟ್ಲರ್ ಉದಾಹರಣೆ. 2011ರ ಜನವರಿ 23. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗಿನ ಪಂದ್ಯ. ಎದುರಾಳಿ ಹಳೆಯ ವೈರಿ ಗ್ರೀನ್ ಬೇ. ಮೂರನೆಯ ಭಾಗದ ಆರಂಭದಲ್ಲಿ ಕಟ್ಲರ್ ಹೊರಬಂದರು. ಮಂಡಿ ನೋವು ಎಂದರು. ಸ್ಟ್ರೆಚರ್ ಬರಲಿಲ್ಲ, ಊರುಗೋಲೂ ಇರಲಿಲ್ಲ. ಮೈದಾನದ ಅಂಚಿನಲ್ಲಿ ವ್ಯಾಯಾಮದ ಸೈಕಲ್ ತುಳಿದದ್ದನ್ನು, ಆಮೇಲೆ ಬೆಂಚಿನ ಮೇಲೆ ಮಂಕಾಗಿ ಕುಳಿತದ್ದನ್ನು ಟೆಲಿವಿಷನ್ ತೋರಿಸಿತು. ಸೈಕಲ್ ತುಳಿಯಬಲ್ಲವನು ಆಡಲಾರನೇ? ತಂಡ 14-21ರಿಂದ ಸೋತಿತು. ಅಭಿಮಾನಿಗಳು ಅವರ ಹೆಸರಿನ ಅಂಗಿಗೆ ಬೆಂಕಿ ಹಚ್ಚಿದರು. ಬೇರೆ ತಂಡಗಳ ಆಟಗಾರರೂ, ಅಂದರೆ ನೋವು ಎಂದರೇನೆಂದು ಬಲ್ಲವರೂ, ಅವರ ಕೆಚ್ಚನ್ನು ಬಹಿರಂಗವಾಗಿಯೇ ಹಂಗಿಸಿದರು. ಮರುದಿನ ಸ್ಕ್ಯಾನ್ ವರದಿ ಬಂತು: ಮಂಡಿಯ ಒಳಬದಿಯ ಅಸ್ಥಿರಜ್ಜು ಭಾಗಶಃ ಹರಿದಿದೆ. ಅಷ್ಟರಲ್ಲಿ ಅಂಗಿ ಸುಟ್ಟು ಬೂದಿಯಾಗಿತ್ತು.

ಹಾಗಾದರೆ ನೋವು ನುಂಗಿ ಆಡಿದವನಿಗೆ ನಂಬಿಕೆ ಉಳಿಯುತ್ತದೆಯೇ? ಅದೂ ಇಲ್ಲ. ಲಕ್ ಮೊದಲ ಆಯ್ಕೆಯಾದ 2012ರಲ್ಲೇ ಎರಡನೆಯ ಆಯ್ಕೆಯಾಗಿ ವಾಷಿಂಗ್ಟನ್ ತಂಡಕ್ಕೆ ಹೋದವರು ರಾಬರ್ಟ್ ಗ್ರಿಫಿನ್. ಓಟದಲ್ಲಿ ಚಿಗರೆ. ಮೊದಲ ವರ್ಷವೇ ರಾಜಧಾನಿಯನ್ನು ಹುಚ್ಚೆಬ್ಬಿಸಿದರು. ಡಿಸೆಂಬರ್‌ನಲ್ಲಿ ಮಂಡಿ ಉಳುಕಿತು. ಒಂದು ಪಂದ್ಯ ಬಿಟ್ಟು, ಮಂಡಿಗೆ ಕವಚ ಕಟ್ಟಿಕೊಂಡು ಇಳಿದರು. 2013ರ ಜನವರಿ 6ರಂದು ಸಿಯಾಟಲ್ ವಿರುದ್ಧ ಕುಂಟುತ್ತಲೇ ಆಡುತ್ತಿದ್ದಾಗ, ಬಿದ್ದ ಚೆಂಡನ್ನು ಎತ್ತಿಕೊಳ್ಳಲು ಹೋಗಿ ಮಂಡಿ ಮಡಚಿಕೊಂಡಿತು. ಅಂದು ಅವರ ಕೆಚ್ಚನ್ನು ಹೊಗಳಿದವರೇ ಮುಂದಿನ ವರ್ಷ ತಂಡ ಸೋಲತೊಡಗಿದಾಗ, ಇವನಿಗಿಂತ ಬದಲಿ ಆಟಗಾರ ಕರ್ಕ್ ಕಸಿನ್ಸ್ ವಾಸಿ ಎನ್ನತೊಡಗಿದರು. ಊರಿನಲ್ಲಿ ಎಲ್ಲರಿಗಿಂತ ಜನಪ್ರಿಯ ವ್ಯಕ್ತಿ ಯಾವಾಗಲೂ ಎರಡನೆಯ ಕ್ವಾರ್ಟರ್‌ಬ್ಯಾಕ್ ಎಂಬ ಹಳೆಯ ಮಾತು ಅಮೆರಿಕದಲ್ಲಿದೆ. ಅವನು ಇನ್ನೂ ಸೋತಿರುವುದಿಲ್ಲವಲ್ಲ! 2015ರ ಇಡೀ ಋತುವಿನಲ್ಲಿ ಗ್ರಿಫಿನ್‌ಗೆ ಒಂದು ಯತ್ನವನ್ನೂ ಆಡಲು ಕೊಡಲಿಲ್ಲ. 2016ರ ಮಾರ್ಚ್‌ನಲ್ಲಿ ತಂಡ ಕೈಬಿಟ್ಟಿತು.

ಈಗ ಮತ್ತೆ ಇಂಡಿಯಾನಾಪೊಲಿಸ್‌ಗೆ ಬರೋಣ. 2018ರಲ್ಲಿ ಲಕ್ ಮರಳಿದರು. ಮೂರನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ, ಉದ್ದಕ್ಕೆ ಎಸೆಯಬೇಕಾದ ಒಂದೇ ಒಂದು ಯತ್ನಕ್ಕೆ ಅವರನ್ನು ಹೊರಗೆ ಕರೆದು ಬ್ರಿಸೆಟ್‌ರನ್ನು ಕಳುಹಿಸಲಾಯಿತು. ತಂಡ ಅಂದೂ ಸೋತಿತು. ಮೊದಲ ಆರರಲ್ಲಿ ಗೆದ್ದದ್ದು ಒಂದೇ. ಈ ತೋಳು ಮುಗಿದ ತೋಳು ಎಂದು ಹೇಳದವರು ಆಗ ಕಡಿಮೆ. ಆಮೇಲೆ ಆದದ್ದು ಬೇರೆ. ಮುಂದಿನ ಹತ್ತರಲ್ಲಿ ಒಂಬತ್ತು ಗೆಲುವು, ಇಡೀ ಋತುವಿನಲ್ಲಿ 39 ಟಚ್‌ಡೌನ್ ಪಾಸ್, ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ. ಮುಂದಿನ ಗೋಡೆಯನ್ನು ಗಟ್ಟಿಗೊಳಿಸಿದ್ದರಿಂದ ಸ್ಯಾಕ್‌ಗಳು 18ಕ್ಕೆ ಇಳಿದಿದ್ದವು. ಮೊದಲ ವರ್ಷವೇ ಈ ಗೋಡೆ ಕಟ್ಟಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವೇನೋ. ಗ್ಯಾಲರಿಯ ಕೋಪ ಮಾತ್ರ ಯಾವಾಗಲೂ ಬಿದ್ದವನ ಮೇಲೆ. ಗೋಡೆ ಕಟ್ಟದವರ ಹೆಸರು ಅಂಗಿಯ ಮೇಲಿರುವುದಿಲ್ಲ.

2019ರ ಬೇಸಿಗೆಯಲ್ಲಿ ಮೊದಲು ಮೀನಖಂಡದ ನೋವು ಎಂದರು. ಆಮೇಲೆ ಕಾಲಿನ ಗಂಟು ಎಂದರು. ವಾರಗಳು ಉರುಳಿದವು. ಮತ್ತೆ ಅದೇ ಅಸ್ಪಷ್ಟ ಪದಗಳು, ಅದೇ ಕಾಯುವಿಕೆ. ಆಗಸ್ಟ್ 24ರ ರಾತ್ರಿ ಲಕ್ ಹೇಳಿದ ಮಾತುಗಳಲ್ಲಿ ಒಂದನ್ನು ಮುಖ್ಯವಾಗಿ ಗಮನಿಸಬೇಕು. 2016ರಲ್ಲಿ ನೋವಿನಲ್ಲೇ ಆಡಿದೆ, ಸರಿಯಾಗಿ ಅಭ್ಯಾಸವನ್ನೂ ಮಾಡಲಾಗುತ್ತಿರಲಿಲ್ಲ, ಇನ್ನೆಂದೂ ಆ ದಾರಿ ಹಿಡಿಯುವುದಿಲ್ಲವೆಂದು ಆಗಲೇ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದೆ ಎಂಬ ಅರ್ಥದಲ್ಲಿ ಅವರು ಹೇಳಿದರು. ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ ಎಂಬ ಸುಳಿಯಲ್ಲಿ ಆಟದ ಸಂತೋಷವೇ ಬತ್ತಿಹೋಯಿತೆಂದರು. ಮಾತಿನ ನಡುವೆ ಗಂಟಲು ಕಟ್ಟಿತ್ತು.

ಇಲ್ಲೇ ಇದೆ ಗಂಟು. ಅಭಿಮಾನಿಗಳು 2016ರಲ್ಲಿ ಯಾರನ್ನು ನಂಬಿದ್ದರೋ ಆ ಲಕ್, ನೋವು ಮುಚ್ಚಿಟ್ಟುಕೊಂಡ ಲಕ್. ಚೆನ್ನಾಗಿದ್ದಾರೆಂದು ತೋರಿಸಿಕೊಂಡದ್ದೇ ನಂಬಿಕೆಗೆ ಆಧಾರವಾಗಿತ್ತು. ಆ ಮುಚ್ಚುಮರೆಯೇ ಹೆಗಲನ್ನು ತಿಂದಿತು. ಕೊನೆಗೆ ನಿಜ ಹೇಳಿದ ದಿನ ಜನಕ್ಕೆ ಅದು ನಿಜವೆನ್ನಿಸಲಿಲ್ಲ. ನಡುನೀರಿನಲ್ಲಿ ಕೈಬಿಟ್ಟ ಹಾಗೆ ಕಂಡಿತು. ಋತುವಿನ ಮೊದಲ ಪಂದ್ಯಕ್ಕೆ ಉಳಿದಿದ್ದುದು ಎರಡು ವಾರ. ಮುಂಗಡ ಹಣ ಕೊಟ್ಟವರ ಸಿಟ್ಟಿಗೆ ಕಾರಣವಿಲ್ಲ ಎನ್ನಲಾಗದು. ಆದರೆ ಅದು ಹರಿದದ್ದು ತಪ್ಪು ದಿಕ್ಕಿಗೆ. ನಾಲ್ಕು ವರ್ಷ "ಕ್ವೆಶ್ಚನಬಲ್" ಎಂಬ ಒಂದು ಪದದಲ್ಲಿ ಎಲ್ಲವನ್ನೂ ಮುಗಿಸಿದ ವ್ಯವಸ್ಥೆಗೆ ಯಾರೂ "ಬೂ" ಎನ್ನಲಿಲ್ಲ. ತಂಡ ಮಾತ್ರ ಒಂದು ದೊಡ್ಡತನ ತೋರಿತು: ಒಪ್ಪಂದದಂತೆ ಮರಳಿ ಕೇಳಬಹುದಾಗಿದ್ದ ಎರಡು ಕೋಟಿ ಡಾಲರ್‌ಗೂ ಮಿಕ್ಕಿದ ಹಣವನ್ನು ಕೇಳಲಿಲ್ಲ.

ಲಕ್ ಹೋದ ಮೇಲೆ ಋತುವಿನ ಮೊದಲ ಪಂದ್ಯಕ್ಕೆ ಪ್ರತಿ ವರ್ಷವೂ ಹೊಸ ಮುಖ: 2019ರಲ್ಲಿ ಬ್ರಿಸೆಟ್, 2020ರಲ್ಲಿ ಫಿಲಿಪ್ ರಿವರ್ಸ್, 2021ರಲ್ಲಿ ಕಾರ್ಸನ್ ವೆಂಟ್ಜ್, 2022ರಲ್ಲಿ ಮ್ಯಾಟ್ ರಯನ್, 2023ರಲ್ಲಿ ಆಂಟನಿ ರಿಚರ್ಡ್‌ಸನ್. ಇವರಲ್ಲಿ ವೆಂಟ್ಜ್ ಇದೇ ಬಗೆಯ ಗಾಯ ಹೊತ್ತು ಬಂದವರು. 2017ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಕ್ಕೆ ಆಡುವಾಗ ಅವರ ಮಂಡಿ ಹರಿಯಿತು. ಬದಲಿಯಾಗಿ ಬಂದ ನಿಕ್ ಫೋಲ್ಸ್ ಸೂಪರ್ ಬೌಲನ್ನೇ ಗೆದ್ದುಕೊಟ್ಟರು. ಫೋಲ್ಸ್‌ರ ಪ್ರತಿಮೆ ಕ್ರೀಡಾಂಗಣದ ಹೊರಗೆ ಎದ್ದು ನಿಂತಿತು. ಬದಲಿ ಆಟಗಾರನ ಪ್ರತಿಮೆಯನ್ನು ದಾಟಿ ಒಳಗೆ ಹೋಗುವ ಮೊದಲ ಆಟಗಾರನ ಮೇಲೆ ಊರಿನ ನಂಬಿಕೆ ಎಷ್ಟು ದಿನ ಉಳಿದೀತು? ಇಂಡಿಯಾನಾಪೊಲಿಸ್‌ನಲ್ಲೂ ಅವರಿಗೆ ಸಿಕ್ಕಿದ್ದು ಒಂದೇ ವರ್ಷ.

ರಿಚರ್ಡ್‌ಸನ್‌ರ ಕಥೆ ಇನ್ನೂ ಕಹಿ. ಮೊದಲ ವರ್ಷ ನಾಲ್ಕು ಪಂದ್ಯ ಆಡುವುದರೊಳಗೆ ಹೆಗಲು ಕೆಟ್ಟು ಶಸ್ತ್ರಚಿಕಿತ್ಸೆಯಾಯಿತು. 2024ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ವಿರುದ್ಧದ ಪಂದ್ಯದಲ್ಲಿ ಒಂದು ಯತ್ನಕ್ಕೆ ತಾನೇ ಕೈಸನ್ನೆ ಮಾಡಿ ಹೊರಬಂದರು. ಕಾರಣ ಕೇಳಿದಾಗ, ಸುಸ್ತಾಗಿತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಾಯವೆಂದು ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದರೋ ಏನೋ. ಮರುವಾರ ಅವರನ್ನು ಕೂರಿಸಿ, ನಲವತ್ತರ ಹತ್ತಿರದ ಜೋ ಫ್ಲಾಕೊರನ್ನು ಇಳಿಸಲಾಯಿತು. ಇಪ್ಪತ್ತೆರಡರ ಹುಡುಗ ಆ ಒಂದು ಪದಕ್ಕೆ ತೆತ್ತ ಬೆಲೆಯನ್ನು ತಂಡದ ಉಳಿದವರೆಲ್ಲ ನೋಡಿದರು.

ಲಕ್ ಆ ಹೊತ್ತಿಗೆ ಬೇರೆ ದಾರಿಯಲ್ಲಿದ್ದರು. 2024ರ ನವೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಹುದ್ದೆಗೆ ಅವರನ್ನು ಕರೆಯಿತು. ಮೈದಾನದ ಅಂಚಿನಲ್ಲಿ ನಿಂತು ಹುಡುಗರ ಆಟ ನೋಡುವ ಕೆಲಸ.

2025ರಲ್ಲಿ ಕೋಲ್ಟ್ಸ್‌ಗೆ ಡೇನಿಯಲ್ ಜೋನ್ಸ್ ಬಂದರು. ತಂಡ ಮೊದಲ ಹತ್ತರಲ್ಲಿ ಎಂಟು ಗೆದ್ದಿತು. ಊರು ಮತ್ತೆ ಹಬ್ಬಕ್ಕೆ ಸಜ್ಜಾಯಿತು. ಆಮೇಲೆ ಅವರ ಕಾಲಿನ ಮೂಳೆಯಲ್ಲಿ ಬಿರುಕು ಕಂಡುಬಂತು. ಅದರಲ್ಲೇ ಆಡಿದರು. ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್‌ನಲ್ಲಿ ಇನ್ನೊಂದು ಕಾಲಿನ ಹಿಮ್ಮಡಿಯ ಸ್ನಾಯುರಜ್ಜು ಹರಿದು, ಋತು ಅಲ್ಲಿಗೇ ಮುಗಿಯಿತು. ಅವರ ಜಾಗಕ್ಕೆ ಕರೆತಂದದ್ದು ನಿವೃತ್ತರಾಗಿ ಮನೆಯಲ್ಲಿದ್ದ, 44 ವರ್ಷ ವಯಸ್ಸಿನ ಫಿಲಿಪ್ ರಿವರ್ಸ್‌ರನ್ನು.